ಹಿಂಬದಿ ಗಲ್ಲಿಗೆ ಇಪ್ಪತ್ತಾರು ಮನೆಗಳು, ಭಾನುವಾರ ಬಂದವರು ನಾಲ್ಕು ಜನ

ಮೂರನೇ ಅಡ್ಡರಸ್ತೆ, ಕೃಷ್ಣಮೂರ್ತಿಪುರಂ:

ನಮ್ಮ ಸಾಲಿನ ಮನೆಗಳ ಬೆನ್ನಿಗೆ ಎಂಟಡಿ ಅಗಲದ ಒಂದು ಗಲ್ಲಿ ಇದೆ. ಹಳೆಯ ಮೈಸೂರಿನ ಬಡಾವಣೆಗಳಲ್ಲಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ, ‘ಕನ್ಸರ್ವೆನ್ಸಿ’ ಎಂದರೆ ಸಾಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗ್ ಬಂದು ಊರನ್ನು ನಡುಗಿಸಿದ ಮೇಲೆ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಗಿ, ಇಕ್ಕಟ್ಟಾದ ಕೇರಿಗಳಿಂದ ಜನರನ್ನು ಹೊರತಂದು ಗಾಳಿ ಬೆಳಕಿರುವ ಹೊಸ ಬಡಾವಣೆಗಳನ್ನು ಕಟ್ಟತೊಡಗಿದಾಗ, ಎರಡು ಸಾಲು ಮನೆಗಳ ನಡುವೆ ಹೀಗೊಂದು ಸೇವಾದಾರಿಯನ್ನು ಬಿಡುವುದು ಪದ್ಧತಿಯಾಯಿತು. ಮನೆಯ ಮುಂದೆ ರಂಗೋಲಿ, ಹಿಂದೆ ಕನ್ಸರ್ವೆನ್ಸಿ. ಅಂದು ಆರೋಗ್ಯಕ್ಕೆಂದು ಬಿಟ್ಟ ಜಾಗದ ದೆಸೆಯಿಂದಲೇ ಇಂದು ಇಪ್ಪತ್ತಾರು ಮನೆಗಳು ಹಿತ್ತಿಲ ಬಾಗಿಲು ತೆರೆಯುತ್ತಿಲ್ಲ.

ಕಳೆದ ವರ್ಷ ದಸರಾ ಮುಗಿದ ಮೂರನೆಯ ಭಾನುವಾರ ಈ ಗಲ್ಲಿಯನ್ನು ಎಲ್ಲರೂ ಸೇರಿ ಸ್ವಚ್ಛ ಮಾಡೋಣವೆಂದು ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಗುಂಪಿನಲ್ಲಿ ನಲವತ್ತೊಂದು ಜನರಿದ್ದಾರೆ. ಮೂವತ್ತಕ್ಕೂ ಹೆಚ್ಚು ಹೆಬ್ಬೆರಳುಗಳು ಮೇಲೆದ್ದವು, ಇಬ್ಬರು ‘ಒಳ್ಳೆಯ ಕೆಲಸ ಸಾರ್’ ಎಂದರು, ಒಬ್ಬರು ವಿವೇಕಾನಂದರ ಚಿತ್ರ ಹಾಕಿದರು. ಭಾನುವಾರ ಬೆಳಿಗ್ಗೆ ಏಳಕ್ಕೆ ಗುದ್ದಲಿ, ಬಾಣಲಿ ಹಿಡಿದು ನಿಂತವರು ನಾಲ್ಕು ಜನ. ಅವರಲ್ಲಿ ನಾನೂ ನನ್ನ ಮಗನೂ ಸೇರಿದ್ದೇವೆ. ಒಡೆದ ಕಮೋಡು, ನೆನೆದು ಮೂರು ಪಟ್ಟು ಭಾರವಾಗಿದ್ದ ಹತ್ತಿಯ ಹಾಸಿಗೆ, ಎಳನೀರು ಬುರುಡೆ, ಯಾರದೋ ಸ್ನಾನದ ಮನೆ ಒಡೆದ ಅವಶೇಷ, ಔಷಧದ ಶೀಸೆ, ಇವೆಲ್ಲ ಸೇರಿ ಒಂದು ಟ್ರ್ಯಾಕ್ಟರ್ ತುಂಬಿತು. ಬಾಡಿಗೆಯನ್ನು ನಾವು ನಾಲ್ವರೇ ಹಂಚಿಕೊಂಡೆವು. ಮಧ್ಯಾಹ್ನದ ಹೊತ್ತಿಗೆ ನೆಲದ ಕಲ್ಲುಚಪ್ಪಡಿ ಕಾಣಿಸಿತು. ನಮ್ಮ ತಾಯಿಯವರು ಆ ಕಲ್ಲುಗಳನ್ನು ಇಪ್ಪತ್ತು ವರ್ಷಗಳ ನಂತರ ನೋಡುತ್ತಿದ್ದೇನೆ ಎಂದರು.

ಹದಿನೈದು ದಿನ ಹಾಗೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಗೋಡೆಗೆ ಒರಗಿಸಿದ, ಗಾಜು ಸೀಳಿದ ವೆಂಕಟೇಶ್ವರನ ಪಟವೊಂದು, ಅದರ ಪಕ್ಕದಲ್ಲಿ ನಿರ್ಮಾಲ್ಯ ತುಂಬಿ ಗಂಟುಹಾಕಿದ ಪ್ಲಾಸ್ಟಿಕ್ ಚೀಲ ಕಂಡವು. ದೇವರನ್ನು ಕಸದ ಆಟೊಗೆ ಹಾಕಲು ಮನಸ್ಸು ಒಪ್ಪದವರು ಯಾರೋ ಗೌರವದಿಂದಲೇ ಅಲ್ಲಿಟ್ಟು ಹೋಗಿದ್ದರು. ದೇವರ ಹಿಂದೆ ಹಳೆಯ ಚಪ್ಪಲಿ ಬಂತು, ಚಪ್ಪಲಿಯ ಹಿಂದೆ ಊಟದ ಎಲೆಗಳು ಬಂದವು, ಸಂಕ್ರಾಂತಿಯ ಹೊತ್ತಿಗೆ ಗಲ್ಲಿ ಮೊದಲಿನಂತಾಯಿತು.

ನಮ್ಮ ಊರು ಸಾಮಾನ್ಯ ಊರಲ್ಲ. 2015ರಲ್ಲಿ ಪ್ರಕಟವಾದ 476 ನಗರಗಳ ಪಟ್ಟಿಯಲ್ಲಿಯೂ 2016ರ 73 ನಗರಗಳ ಸಮೀಕ್ಷೆಯಲ್ಲಿಯೂ ಸ್ವಚ್ಛತೆಗೆ ದೇಶಕ್ಕೇ ಮೊದಲು ಬಂದ ಊರು. ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಬೇಡವೆಂದು ಮೈಸೂರಿನವರು ದನಿ ಎತ್ತಿದರು, 2022ರಲ್ಲಿ ಆ ಯೋಜನೆ ಕೈಬಿಟ್ಟುಹೋಯಿತು. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯ ನಲವತ್ತು ಮರಗಳು ಉರುಳಿದಾಗ ಬುಡಗಳ ನಡುವೆ ದೀಪ ಹಚ್ಚಿ ನಿಂತವರನ್ನೂ ನಾವು ಕಂಡಿದ್ದೇವೆ. ಒಂದನ್ನು ಬೇಡವೆನ್ನಲು ನೂರು ಜನ ಸೇರುವ ಊರಿನಲ್ಲಿ, ತಮ್ಮದೇ ಹಿತ್ತಿಲಿನ ಎಂಟಡಿ ದಾರಿಗೆ ಇಪ್ಪತ್ತಾರು ಮನೆಗಳಿಂದ ಇಪ್ಪತ್ತಾರು ಜನ ಏಕೆ ಸೇರುವುದಿಲ್ಲ? ನಾನು ಕರೆದ ರೀತಿಯೇ ತಪ್ಪಿರಬಹುದೇ? ಬೇರೆ ಬೀದಿಗಳಲ್ಲಿ ಇದನ್ನು ಮಾಡಿ ಗೆದ್ದವರು, ಅದಕ್ಕಿಂತ ಹೆಚ್ಚಾಗಿ ಮಾಡಿ ಸೋತವರು, ದಯವಿಟ್ಟು ಬರೆಯಿರಿ.

ತೆರಿಗೆದಾರ:

ಒರಟಾಗಿ ಕೇಳಿಸಿದರೆ ಕ್ಷಮಿಸಿ. ನಾನು ಪ್ರತಿ ವರ್ಷ ಆಸ್ತಿ ತೆರಿಗೆಯನ್ನು ರಿಯಾಯಿತಿಯ ಅವಧಿಯಲ್ಲಿಯೇ ಕಟ್ಟುತ್ತೇನೆ, ಅದರ ಜೊತೆಗೆ ಘನತ್ಯಾಜ್ಯದ ಶುಲ್ಕವನ್ನೂ ಕೊಡುತ್ತೇನೆ. ಅದಾದ ಮೇಲೂ ಭಾನುವಾರ ಬಾಣಲಿ ಹಿಡಿಯಬೇಕೆಂದರೆ ನಾನು ಎರಡು ಸಲ ತೆರಿಗೆ ಕಟ್ಟಿದಂತಾಗುತ್ತದೆ. ಇನ್ನೊಂದು ಮಾತು. ನಾಗರಿಕರು ಒಮ್ಮೆ ಸ್ವಚ್ಛ ಮಾಡಿದ ಜಾಗವನ್ನು ಪಾಲಿಕೆಯವರು ತಮ್ಮ ಪಟ್ಟಿಯಿಂದ ತೆಗೆದುಹಾಕುತ್ತಾರೆ. ‘ಅಲ್ಲಿ ಸಂಘದವರೇ ನೋಡಿಕೊಳ್ಳುತ್ತಾರೆ’ ಎಂಬ ಉತ್ತರವನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ನೀವು ನಾಲ್ವರು ಮಾಡಿದ್ದು ಒಳ್ಳೆಯ ಕೆಲಸ. ಆದರೆ ಬಾರದಿದ್ದ ಉಳಿದ ಮನೆಯವರೆಲ್ಲ ಸೋಮಾರಿಗಳೆಂದು ತಿಳಿಯಬೇಡಿ.

ನಿವೃತ್ತ ಅಭಿಯಂತರ, ಸರಸ್ವತಿಪುರಂ:

ತೆರಿಗೆದಾರರ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಉಳಿದರ್ಧದಿಂದ ಬೇರ್ಪಡಿಸದೆ ಯಾವ ಶ್ರಮದಾನಕ್ಕೂ ಇಳಿಯಬಾರದು ಎಂಬುದು ನನ್ನ ಅಭಿಪ್ರಾಯ.

ಮೂವತ್ತು ವರ್ಷ ನೀರು ಮತ್ತು ಒಳಚರಂಡಿಯ ಕೆಲಸದಲ್ಲಿ ಕಳೆದವನು ನಾನು. ಕನ್ಸರ್ವೆನ್ಸಿ ಗಲ್ಲಿಯನ್ನು ನೀವು ಕಸದ ಜಾಗವೆಂದು ನೋಡುತ್ತಿದ್ದೀರಿ, ನನ್ನ ಕಣ್ಣಿಗೆ ಅದು ನೀರಿನ ದಾರಿ. ಹಳೆಯ ಬಡಾವಣೆಗಳಲ್ಲಿ ಹಲವೆಡೆ ಒಳಚರಂಡಿಯ ಕೊಳವೆ ಇದೇ ಗಲ್ಲಿಯ ಕೆಳಗೆ ಹಾದಿದೆ, ಮೇಲೆ ತೆರೆದ ಮೋರಿ ಇದೆ. ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕಿದರೆ ನಾವು ಪಾಲಿಕೆಯನ್ನು ಬೈಯುತ್ತೇವೆ, ಆದರೆ ಅದು ಏಕೆ ಉಕ್ಕಿತು? ಮಾಳಿಗೆಯ ಮಳೆನೀರಿನ ಪೈಪನ್ನು ಮೋರಿಗೆ ಬಿಡುವ ಬದಲು ಸುಲಭವಾಗಲೆಂದು ಒಳಚರಂಡಿಗೆ ಜೋಡಿಸಿಕೊಂಡ ಮನೆಗಳು ಒಂದೊಂದು ಬೀದಿಯಲ್ಲಿ ಐದಾರಾದರೂ ಇರುತ್ತವೆ. ಮನೆಯ ಬಚ್ಚಲ ನೀರಿಗೆಂದು ಲೆಕ್ಕ ಹಾಕಿ ಇಟ್ಟ ಕೊಳವೆಗೆ ಅಷ್ಟೂ ಮಾಳಿಗೆಗಳ ನೀರು ಅರ್ಧ ಗಂಟೆಯಲ್ಲಿ ನುಗ್ಗಿದರೆ ಅದು ಬಾಯಿ ಬಿಡಲೇಬೇಕು. ಇದನ್ನು ಸರಿಪಡಿಸಲು ಯಾವ ಶ್ರಮದಾನವೂ ಬೇಡ, ಪ್ರತಿ ಮನೆಯವರೂ ತಮ್ಮ ಪೈಪು ಎಲ್ಲಿಗೆ ಹೋಗಿದೆಯೆಂದು ಒಮ್ಮೆ ನೋಡಿಕೊಂಡು ಕೊಳಾಯಿಯವನನ್ನು ಕರೆಸಿದರೆ ಆಯಿತು. ನನ್ನ ಮನೆಯದೂ ತಪ್ಪಾಗಿಯೇ ಇತ್ತು ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಇಡೀ ಜೀವನ ಬೇರೆಯವರಿಗೆ ಪಾಠ ಹೇಳಿದವನ ಮನೆಯ ಸ್ಥಿತಿ ಅದು.

ಆದ್ದರಿಂದ ಕೆಲಸವನ್ನು ಪಾಲು ಮಾಡಿ. ಮ್ಯಾನ್‌ಹೋಲ್ ಮುಚ್ಚಳವನ್ನು ನಿವಾಸಿಗಳು ಎತ್ತಲೇ ಕೂಡದು, ಬೇರೆಯವರಿಗೆ ದುಡ್ಡು ಕೊಟ್ಟು ಒಳಗೆ ಇಳಿಸಲೂ ಕೂಡದು. ಒಳಗಿನ ವಿಷಾನಿಲ ಒಂದೇ ಉಸಿರಿಗೆ ಮನುಷ್ಯನನ್ನು ಕೆಡವಬಲ್ಲದು, ಹಾಗೆ ಇಳಿಸುವುದು ಮಲ ಬಾಚುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಮೋರಿಯ ಹೂಳು, ಮುರಿದ ಚಪ್ಪಡಿ, ದೀಪದ ಕಂಬ, ಕಟ್ಟಡದ ಅವಶೇಷ ಇವೆಲ್ಲ ಪಾಲಿಕೆಯ ಪಾಲು. ಇವಕ್ಕಾಗಿ ಇಪ್ಪತ್ತಾರು ಮನೆಯವರೂ ಸಹಿ ಮಾಡಿದ ಒಂದೇ ಪತ್ರವನ್ನು ವಲಯ ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ತಿಂಗಳಾದರೂ ಕದಲದಿದ್ದರೆ, ಈ ಗಲ್ಲಿಯನ್ನು ವಾರದ ಯಾವ ದಿನ ಯಾರು ಸ್ವಚ್ಛ ಮಾಡಬೇಕೆಂದು ಪಟ್ಟಿಯಲ್ಲಿದೆ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಅನುಭವದಿಂದ ಹೇಳುತ್ತೇನೆ, ಬಹಳ ಸಲ ಉತ್ತರಕ್ಕಿಂತ ಮೊದಲು ಕೆಲಸವೇ ಆಗಿಬಿಡುತ್ತದೆ.

ಇದನ್ನೆಲ್ಲ ಹೇಳಬೇಕಾದ ಜಾಗ ವಾರ್ಡ್ ಸಮಿತಿ. 1992ರ 74ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 243ಎಸ್ ವಿಧಿಯು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ವಾರ್ಡ್ ಸಮಿತಿಗಳಿರಬೇಕೆನ್ನುತ್ತದೆ. 2011ರ ಜನಗಣತಿಯಲ್ಲಿಯೇ ನಮ್ಮ ಊರಿನವರು ಸುಮಾರು ಒಂಬತ್ತು ಲಕ್ಷ. ಆದರೆ 2023ರ ನವೆಂಬರ್‌ನಲ್ಲಿ ಅರವತ್ತೈದು ವಾರ್ಡುಗಳ ಕೌನ್ಸಿಲ್‌ನ ಅವಧಿ ಮುಗಿಯಿತು, ಬಾಗಿಲು ತಟ್ಟಲು ಒಬ್ಬ ಕಾರ್ಪೊರೇಟರ್ ಕೂಡ ಇಲ್ಲದಂತಾಯಿತು. ಇಂಥ ಹೊತ್ತಿನಲ್ಲಿ ಬೀದಿಯವರು ತಾವಾಗಿ ಸೇರದಿದ್ದರೆ ನಮ್ಮ ಮಾತನ್ನು ಯಾರು ಎಲ್ಲಿಗೆ ತಲುಪಿಸಬೇಕು?

ಬಾಡಿಗೆ ಮನೆಯವಳು:

ನಾನು ಪಕ್ಕದ ಬೀದಿಯಲ್ಲಿ, ಅಂದರೆ ಇದೇ ಗಲ್ಲಿಯ ಇನ್ನೊಂದು ಬೆನ್ನಿನಲ್ಲಿ, ಮೂರು ವರ್ಷದಿಂದ ಬಾಡಿಗೆಗೆ ಇದ್ದೇನೆ. ಆ ಭಾನುವಾರದ ಬಗ್ಗೆ ನನಗೆ ತಿಳಿದದ್ದು ಇವತ್ತು, ಇಲ್ಲಿ ಓದಿದ ಮೇಲೆ.

ಬೀದಿಯ ಗುಂಪಿನಲ್ಲಿ ಇರುವವರು ಮನೆಯ ಮಾಲೀಕರು. ನಮ್ಮ ಮಾಲೀಕರು ಆ ಗುಂಪಿನಲ್ಲಿದ್ದಾರೆ, ಆದರೆ ಅವರು ಇರುವುದು ಬೆಂಗಳೂರಿನಲ್ಲಿ. ಬಹುಶಃ ಒಂದು ಹೆಬ್ಬೆರಳು ಅವರದೂ ಇರಬಹುದು. ಕೆಳಮನೆಯಲ್ಲಿ ಆರು ಜನ ಹುಡುಗರು ಓದಲಿಕ್ಕೆಂದು ಇದ್ದಾರೆ, ಅವರನ್ನು ಬೀದಿಯ ಯಾರೂ ಇದುವರೆಗೆ ಹೆಸರು ಹಿಡಿದು ಮಾತನಾಡಿಸಿಲ್ಲ. ನೋಡಿದಾಗಲೆಲ್ಲ ‘ಬೈಕು ಆ ಕಡೆ ನಿಲ್ಲಿಸಿ’ ಎನ್ನುತ್ತಾರೆ, ಅಷ್ಟೇ. ಅಂಥವರಿಂದ ಊರಿನ ಅಭಿಮಾನವನ್ನು ನಿರೀಕ್ಷಿಸುವುದು ಹೇಗೆ?

ಇನ್ನು ಕಸ ಗಲ್ಲಿಗೆ ಏಕೆ ಬರುತ್ತದೆ ಎಂಬುದನ್ನು ನನ್ನ ಮಟ್ಟಿಗೆ ಹೇಳುತ್ತೇನೆ. ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಬೆಳಿಗ್ಗೆ ಆರೂಮುಕ್ಕಾಲಿಗೆ ಮನೆ ಬಿಡುತ್ತೇನೆ. ಪೌರಕಾರ್ಮಿಕರ ಸೀಟಿ ಕೇಳಿಸುವುದು ಏಳೂವರೆಯ ಮೇಲೆ. ಹಸಿ ಕಸದ ಬುಟ್ಟಿಯನ್ನು ಹೊರಗಿಟ್ಟು ಹೋದರೆ ನಾಯಿಗಳು ಎಳೆದಾಡುತ್ತವೆ, ಒಳಗಿಟ್ಟರೆ ಮೂರು ದಿನಕ್ಕೆ ಹುಳು. ನಾನು ಗಲ್ಲಿಗೆ ಎಸೆದಿಲ್ಲ, ಆದರೆ ಎಸೆಯುವವರೆಲ್ಲ ದುಷ್ಟರಲ್ಲ ಎಂದು ಮಾತ್ರ ಹೇಳಬಲ್ಲೆ. ಒಂದು ತಿಂಗಳ ಹಿಂದೆ ಎದುರುಮನೆಯ ಅಜ್ಜಿ ತಾವಾಗಿಯೇ ಬಂದು ‘ಬುಟ್ಟಿ ನಮ್ಮ ಗೇಟಿನ ಒಳಗೆ ಇಟ್ಟುಹೋಗು, ಸೀಟಿ ಊದಿದಾಗ ನಾನು ಹಾಕಿಸುತ್ತೇನೆ’ ಎಂದರು. ಅಂದಿನಿಂದ ನನ್ನ ಸಮಸ್ಯೆ ಮುಗಿದಿದೆ. ಪ್ರತಿಯಾಗಿ ಶನಿವಾರ ಅವರ ಮಾತ್ರೆಗಳನ್ನು ನಾನು ತಂದುಕೊಡುತ್ತೇನೆ. ಇದಕ್ಕೆ ಯಾವ ಬ್ಯಾನರೂ ಬೇಕಾಗಲಿಲ್ಲ.

ಜೋಡಿ ಹೊಂಗೆ:

ಒಂದು ಸಣ್ಣ ಸಲಹೆ: ಗಲ್ಲಿಯ ಗೋಡೆಗೆ ದೇವರ ಚಿತ್ರವಿರುವ ಟೈಲ್ಸ್ ಅಂಟಿಸಿ. ಬಹಳ ಕಡೆ ಮಾಡಿದ್ದಾರೆ.

ಮೂರನೇ ಅಡ್ಡರಸ್ತೆ, ಕೃಷ್ಣಮೂರ್ತಿಪುರಂ:

ನಮ್ಮ ಗಲ್ಲಿಯಲ್ಲಿ ಮೊದಲು ಬಂದು ಕುಳಿತದ್ದೇ ದೇವರು, ಸ್ವಾಮಿ. ಅವರಿಂದ ಏನೂ ಆಗಲಿಲ್ಲ.

ಪೌರಕಾರ್ಮಿಕರ ಮೊಮ್ಮಗ:

ಕನ್ಸರ್ವೆನ್ಸಿ ಎಂಬ ಪದವನ್ನು ಇಲ್ಲಿ ಎಲ್ಲರೂ ಹಳೆಯ ಮೈಸೂರಿನ ಸೊಗಸಿನ ಭಾಗದಂತೆ ಬಳಸುತ್ತಿರುವುದರಿಂದ ಈ ಮಾತನ್ನು ಬರೆಯಬೇಕಾಯಿತು. ಆ ಗಲ್ಲಿ ಇದ್ದದ್ದು ನನ್ನ ತಾತ ಮತ್ತು ಅಜ್ಜಿ ನಡೆಯಲೆಂದು. ಮನೆಯ ಮುಂಬಾಗಿಲಿನಿಂದ ಅವರು ಬರುವಂತಿರಲಿಲ್ಲ. ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಿಂಡಿ, ಅದಕ್ಕೆ ತಗಡಿನ ಬಾಗಿಲು. ಅದನ್ನು ತೆರೆದು ಒಳಗಿನ ಮಲದ ಡಬ್ಬಿಯನ್ನು ಎಳೆದು ತಲೆಯ ಮೇಲಿನ ಕುಕ್ಕೆಗೆ ಸುರಿದುಕೊಳ್ಳಬೇಕಿತ್ತು. ಮಳೆಗಾಲದಲ್ಲಿ ಅದು ಹೇಗಿರುತ್ತಿತ್ತು ಎಂದು ಅಜ್ಜಿ ಒಮ್ಮೆ ಮಾತ್ರ ಹೇಳಿದ್ದರು, ಎರಡನೆಯ ಸಲ ಕೇಳುವ ಧೈರ್ಯ ನನಗೆ ಬರಲಿಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮೇಲೆ ನಮ್ಮ ಮನೆಯಲ್ಲಿ ಆ ಕುಕ್ಕೆ ಸುಟ್ಟರಂತೆ. ನಿಮ್ಮ ಗಲ್ಲಿಯಲ್ಲಿ ಹಳೆಯ ಗಾರೆ ಗೋಡೆ ಉಳಿದಿದ್ದರೆ ಇಟ್ಟಿಗೆ ಮುಚ್ಚಿದ ಆ ಕಿಂಡಿಗಳ ಗುರುತು ಇಂದಿಗೂ ಕಾಣಬಹುದು, ನೋಡಿ.

ಆದ್ದರಿಂದ ಆ ಗಲ್ಲಿಗೆ ಇಂದು ಆ ಮನೆಗಳವರೇ ಗುದ್ದಲಿ ಹಿಡಿದು ಇಳಿಯುತ್ತಾರೆಂದರೆ ನನಗೆ ಸಂತೋಷವೇ. ಆದರೆ ಒಂದು ದಿನ ಕೈಗವಸು ತೊಟ್ಟು ಫೋಟೊ ತೆಗೆಸಿಕೊಂಡು, ಉಳಿದ ಮುನ್ನೂರ ಅರವತ್ತನಾಲ್ಕು ದಿನ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕೊಡುವುದಾದರೆ, ಆ ಒಂದು ದಿನ ಬೇಡ. ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರಾಗಿ ಬೇರ್ಪಡಿಸಿಯೇ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಬೇರ್ಪಡಿಸದೆ ಕೊಟ್ಟದ್ದನ್ನು ಕೊನೆಗೆ ಕೈಯಲ್ಲಿ ಬೇರ್ಪಡಿಸುವವರು ನಮ್ಮವರೇ. ನಮ್ಮ ಚಿಕ್ಕಮ್ಮನ ಹೆಬ್ಬೆರಳಿನ ಬುಡದಲ್ಲಿ ಒಂದು ಉದ್ದದ ಗಾಯದ ಗುರುತಿದೆ. ಅನ್ನ ಸಾಂಬಾರಿನ ಚೀಲದೊಳಗೆ ಯಾರೋ ಒಡೆದ ಟ್ಯೂಬ್‌ಲೈಟ್ ಹಾಕಿದ್ದರು. ಗಾಜನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ‘ಗಾಜು’ ಎಂದು ಬರೆಯಲು, ಸ್ಯಾನಿಟರಿ ಪ್ಯಾಡುಗಳನ್ನು ಬೇರೆ ಸುತ್ತಿ ಕೆಂಪು ಗುರುತು ಹಾಕಲು ಅರ್ಧ ನಿಮಿಷ ಬೇಕು. ಊರಿಗೆ ಸಹಾಯ ಮಾಡಬೇಕೆನ್ನುವವರು ಈ ಅರ್ಧ ನಿಮಿಷದಿಂದ ಪ್ರಾರಂಭಿಸಲಿ.

ತೆರಿಗೆದಾರರಿಗೆ ಒಂದು ಮಾತು. ನೀವು ಗುಡಿಸಬೇಕಾಗಿಲ್ಲ ಎಂಬುದು ಸರಿ. ಗುಡಿಸುವುದು ನಮ್ಮ ಕೆಲಸ, ಅದಕ್ಕೆ ಸರಿಯಾದ ಸಂಬಳವನ್ನೂ ಕಾಯಂ ನೌಕರಿಯನ್ನೂ ನಾವು ಕೇಳುತ್ತ ಬಂದಿದ್ದೇವೆ. ಅದನ್ನು ಬಿಟ್ಟಿಯಾಗಿ ಮಾಡಿ ನಮ್ಮ ಬೇಡಿಕೆಯನ್ನು ಹಗುರ ಮಾಡಬೇಡಿ ಎಂದೂ ಹೇಳಬಹುದು. ಎಸೆಯದೆ ಇರುವುದು ಮಾತ್ರ ತೆರಿಗೆಯಲ್ಲಿ ಸೇರಿಲ್ಲ.

ತೆರಿಗೆದಾರ:

ಒಪ್ಪಿದೆ. ಕಿಂಡಿಯ ವಿಷಯ ನನಗೆ ಗೊತ್ತಿರಲಿಲ್ಲ. ನಮ್ಮ ಹಿತ್ತಿಲ ಗೋಡೆಯಲ್ಲಿ ಎರಡು ಇವೆ. ಅವು ನೀರು ಹೋಗಲು ಬಿಟ್ಟ ತೂತುಗಳೆಂದು ಇಷ್ಟು ವರ್ಷ ತಿಳಿದಿದ್ದೆ.

ನಾಲೆ ಕೊನೆಯವನು, ಮಂಡ್ಯ:

ಮೈಸೂರಿನವರ ಚರ್ಚೆಗೆ ಮಂಡ್ಯದವನು ತಲೆ ಹಾಕುತ್ತಿದ್ದೇನೆ, ಸಹಿಸಿಕೊಳ್ಳಿ. ನಮ್ಮ ಊರು ಮಳವಳ್ಳಿ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆಗೆ. ಮೇಲಿನವರ ಉಪನಾಲೆಯಲ್ಲಿ ಜೊಂಡು ಬೆಳೆದರೆ ನಮ್ಮ ತೂಬಿನಲ್ಲಿ ಧೂಳು ಹಾರುತ್ತದೆ. ಒಬ್ಬರ ಸೋಮಾರಿತನಕ್ಕೆ ಇನ್ನೊಬ್ಬರು ಬೆಲೆ ತೆರುವುದು ಹೇಗೆಂದು ನಾಲೆ ಕೊನೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಮೂಲ ಬರಹದ ಪ್ರಶ್ನೆ, ‘ಕರೆದ ರೀತಿಯೇ ತಪ್ಪೇ’ ಎಂಬುದು. ತಪ್ಪೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ಕಡೆ ಪರರ ಕೆಲಸಕ್ಕೆ ಕೈ ಹಾಕುವುದಕ್ಕೆ ಎರಡು ಹೆಸರಿವೆ, ಬಿಟ್ಟಿ ಮತ್ತು ಮುಯ್ಯಿ. ಗೌಡರ ಹೊಲಕ್ಕೋ ಅಮಲ್ದಾರರ ಡೇರೆ ಹೊರಲಿಕ್ಕೋ ಬಲವಂತದಿಂದ, ಪ್ರತಿಫಲವಿಲ್ಲದೆ ಹೋಗುವುದು ಬಿಟ್ಟಿ. ಅದನ್ನು ನೆನೆದರೆ ಈಗಲೂ ಹಿರಿಯರ ಮುಖ ಹುಳ್ಳಗಾಗುತ್ತದೆ. ಮುಯ್ಯಿ ಬೇರೆ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಮ್ಮ ನಾಟಿಯ ದಿನ ನಿಮ್ಮ ಮನೆಯಿಂದ ಇಬ್ಬರು ಬರಬೇಕು. ಅದನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಈಗ ಯಂತ್ರ ಬಂದು, ಗುತ್ತಿಗೆಯ ಆಳು ಬಂದು ಮುಯ್ಯಾಳು ಕಡಿಮೆಯಾಗಿದೆ ನಿಜ, ಆದರೂ ಮದುವೆ, ಸಾವು, ಮಾರಿಹಬ್ಬಗಳಲ್ಲಿ ಅದು ಹಾಗೆಯೇ ನಡೆಯುತ್ತದೆ. ಮಾರಿಹಬ್ಬಕ್ಕೆ ಯಾರೂ ‘ದಯವಿಟ್ಟು ಬನ್ನಿ’ ಎಂದು ಕರೆಯುವುದಿಲ್ಲ. ಮನೆಗಿಷ್ಟು ವಂತಿಗೆ, ಈ ಮನೆಯವರು ಸೌದೆ, ಆ ಮನೆಯವರು ಚಪ್ಪರ, ಇನ್ನೊಬ್ಬರು ತಮಟೆಯವರ ಊಟ ಎಂದು ಮೊದಲೇ ಗೊತ್ತಾಗಿರುತ್ತದೆ; ನಮ್ಮ ಮನೆಯ ಪಾಲು ನಾವು ಮಾಡದಿದ್ದರೆ ಹಬ್ಬದಲ್ಲಿ ಅಷ್ಟು ಜಾಗ ಖಾಲಿ ಕಾಣುತ್ತದೆ.

ನೀವು ಇಪ್ಪತ್ತಾರು ಮನೆಯವರನ್ನು ಒಟ್ಟಿಗೆ ಕರೆದಿರಿ. ಎಲ್ಲರನ್ನೂ ಕರೆದ ಕಡೆ ಯಾರ ಪಾಲೂ ಇರುವುದಿಲ್ಲ. ಯಾರೊಬ್ಬರು ಬಾರದಿದ್ದರೂ ಅವರ ಜಾಗ ಖಾಲಿ ಕಾಣಲಿಲ್ಲ. ಜೊತೆಗೆ, ನಿಮ್ಮ ಕರೆಯಲ್ಲಿ ಮುಯ್ಯಿ ಇರಲಿಲ್ಲ. ಅವರು ಬಂದರೆ ನೀವು ಅವರಿಗೇನು ಮಾಡುತ್ತೀರಿ ಎಂಬುದು ಇರಲಿಲ್ಲ. ಮೇಲೆ ಬರೆದ ಆ ತಂಗಿಗೆ ಎದುರುಮನೆಯ ಅಜ್ಜಿ ಮಾಡಿದ್ದೇ ಮುಯ್ಯಿ, ಆಕೆ ಮಾತ್ರೆ ತಂದುಕೊಡುವುದೇ ತಿರುಗಿ ಮುಯ್ಯಿ. ಗಲ್ಲಿಯನ್ನು ಬಿಟ್ಟು ಮೊದಲು ಅಂಥ ಹತ್ತು ಜೋಡಿ ಮನೆಗಳನ್ನು ಹುಡುಕಿ.

ಇನ್ನೂ ಒಂದು ಎಚ್ಚರಿಕೆ. ಬಾರದವರ ಹೆಸರನ್ನು ಗುಂಪಿನಲ್ಲಿ ಹಾಕುವ ಕೆಲಸಕ್ಕೆ ಹೋಗಬೇಡಿ. ನಮ್ಮ ಊರಿನಲ್ಲಿ ಕೆರೆಯ ಹೂಳೆತ್ತುವಾಗ ಒಬ್ಬರು ಹಾಗೆ ಮಾಡಿದರು. ಕೆಲಸ ನಿಂತಿತು, ಆ ಎರಡು ಮನೆಗಳ ನಡುವೆ ಮಾತು ಇಂದಿಗೂ ಇಲ್ಲ.

ತರಗೆಲೆ:

ಕೈಗೆ ಸಿಗುವ ಒಂದು ಪಾಲಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ಇದು ನಮ್ಮ ಬೀದಿಯಲ್ಲಿ ನಾಲ್ಕು ವರ್ಷದಿಂದ ನಿಂತಿರುವ ಕೆಲಸ. ಶಿವರಾತ್ರಿಯ ಆಸುಪಾಸಿನಲ್ಲಿ ಹೊಂಗೆ ಎಲೆ ಉದುರಿದಾಗ ಮೈಸೂರಿನ ಬೆಳಗು ಹೊಗೆಯಿಂದ ಪ್ರಾರಂಭವಾಗುತ್ತದೆ. ಗುಡ್ಡೆ ಮಾಡಿ ಬೆಂಕಿ ಇಡುವುದು ಎಲ್ಲರಿಗೂ ರೂಢಿ. ಬೀದಿಯಲ್ಲಿ ಕಸ ಸುಡುವುದನ್ನು ನಿಯಮ ಒಪ್ಪುವುದಿಲ್ಲ, ಕಲಿಯಬೇಕಾದ ಮಕ್ಕಳೂ ಉಸಿರಾಡಬೇಕಾದ ಮುದುಕರೂ ಅದೇ ಬೀದಿಯಲ್ಲಿದ್ದಾರೆ.

ನಾವು ಗಲ್ಲಿಯ ಒಂದು ಮೂಲೆಯಲ್ಲಿ ಇಟ್ಟಿಗೆಗಳ ನಡುವೆ ಸಂದು ಬಿಟ್ಟು, ಗಾರೆಯಿಲ್ಲದೆ, ಮೂರಡಿ ಉದ್ದ ಮೂರಡಿ ಅಗಲದ ಗೂಡು ಕಟ್ಟಿದೆವು. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಮೂರು ಬುಟ್ಟಿ ತರಗೆಲೆ. ಮೇಲಿನ ಪದರ ಯಾವಾಗಲೂ ಎಲೆಯದೇ ಇರಬೇಕು, ಹಸಿ ಕಸ ಕಣ್ಣಿಗೆ ಕಾಣಬಾರದು. ಆಗಾಗ ಒಂದು ಚೊಂಬು ಹುಳಿಮಜ್ಜಿಗೆ ಇಲ್ಲವೇ ಸಗಣಿ ನೀರು. ವಾರಕ್ಕೊಮ್ಮೆ ಕೆದಕಬೇಕು. ಕೆದಕಿದಾಗ ಒಳಗಿನಿಂದ ಬಿಸಿ ಆವಿ ಬಂದರೆ ಸರಿಯಾಗಿದೆ ಎಂದರ್ಥ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚು, ಗಾಳಿ ಕಡಿಮೆ; ಇನ್ನಷ್ಟು ಎಲೆ ಹಾಕಿ ಕೆದಕಿದರೆ ಎರಡು ದಿನದಲ್ಲಿ ಹೋಗುತ್ತದೆ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಜಿನುಗಬಾರದು. ಎರಡರಿಂದ ಮೂರು ತಿಂಗಳಿಗೆ ಮೊದಲ ಮಳೆಯ ನಂತರದ ಮಣ್ಣಿನ ವಾಸನೆ ಬರುತ್ತದೆ. ಆ ಗೊಬ್ಬರವನ್ನು ಬುಟ್ಟಿ ಲೆಕ್ಕದಲ್ಲಿ ಎಲೆ ಹಾಕಿದ ಮನೆಗಳಿಗೇ ಹಂಚುತ್ತೇವೆ. ಮಂಡ್ಯದವರು ಹೇಳಿದ ಮುಯ್ಯಿ ಇದೇ ಇರಬೇಕು, ನಾವು ಮಾತ್ರ ಅದಕ್ಕೆ ಹೆಸರಿಟ್ಟಿರಲಿಲ್ಲ. ಮೂರು ಬೀದಿಯಾಚೆಯಿಂದ ಮಲ್ಲಿಗೆ ಬಳ್ಳಿ ಇರುವವರು ಗೊಬ್ಬರ ಕೇಳಿಕೊಂಡು ಬರತೊಡಗಿದ ಮೇಲೆ ಆ ಮೂಲೆಯಲ್ಲಿ ಕಸ ಎಸೆಯುವುದು ತಾನಾಗಿ ನಿಂತಿತು. ಅಲ್ಲಿ ಈಗ ದಿನವೂ ಯಾರಾದರೂ ನಿಂತಿರುತ್ತಾರೆ.

ಇದು ನಡೆಯುವುದೇ ಇಲ್ಲ ಎನ್ನುವವರು ಒಮ್ಮೆ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕವನ್ನು ನೆನೆಯಲಿ. ನಾಗರಿಕರ ಒಕ್ಕೂಟವೊಂದು ಹೊತ್ತು ನಡೆಸಿದ ಘಟಕ ಅದು, ಅದನ್ನು ನೋಡಲು ಹೊರ ಊರುಗಳಿಂದ ಜನ ಬಂದಿದ್ದಾರೆ. ಊರಿನ ಒಟ್ಟು ಕಸ ದಿನಕ್ಕೆ 400 ಟನ್ನಿಗೂ ಮೇಲೆ. ಅದರ ಎದುರು ನಮ್ಮ ಮೂರಡಿ ಗೂಡು ಏನೂ ಅಲ್ಲ ಎಂಬುದು ನನಗೂ ಗೊತ್ತು. ಆದರೆ ಗೂಡು ಕಟ್ಟಿದ್ದು ಊರಿಗಾಗಿ ಅಲ್ಲ, ಮೂಲೆಗಾಗಿ.

ನಿವೃತ್ತ ಅಭಿಯಂತರ, ಸರಸ್ವತಿಪುರಂ:

ಗೂಡನ್ನು ಮ್ಯಾನ್‌ಹೋಲ್‌ನಿಂದಲೂ ಮೋರಿಯಿಂದಲೂ ದೂರವಿಡಿ, ಎಲೆ ಜಾರಿ ಕಟ್ಟಿಕೊಳ್ಳುತ್ತದೆ. ಹಾಗೆಯೇ ಎಳನೀರು ಬುರುಡೆ, ಹಳೆಯ ಟೈರು, ಹೂಕುಂಡದ ತಟ್ಟೆಗಳನ್ನು ವಾರಕ್ಕೊಮ್ಮೆ ಬೋರಲು ಹಾಕಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳೆಂಟು ದಿನ ಸಾಕು, ಅದು ಹುಟ್ಟಿದ ಜಾಗದಿಂದ ಬಹಳ ದೂರ ಹೋಗುವುದೂ ಇಲ್ಲ. ಹೀಗಾಗಿ ನಿಮ್ಮನ್ನು ಕಚ್ಚಿದ ಸೊಳ್ಳೆ ಸಾಮಾನ್ಯವಾಗಿ ನಿಮ್ಮದೇ ಬೀದಿಯದು.

ಮೂರನೇ ಅಡ್ಡರಸ್ತೆ, ಕೃಷ್ಣಮೂರ್ತಿಪುರಂ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಗುಂಪಿನಲ್ಲಿ ಈ ಸಲ ಏನನ್ನೂ ಹಾಕಲಿಲ್ಲ. ಸಂಜೆ ಆರರಿಂದ ಏಳರವರೆಗೆ ದಿನಕ್ಕೆ ಎರಡೇ ಮನೆಯಂತೆ ಬಾಗಿಲು ತಟ್ಟಿದೆ. ಗಲ್ಲಿ ಸ್ವಚ್ಛ ಮಾಡಲು ಬನ್ನಿ ಎನ್ನಲಿಲ್ಲ. ‘ನಿಮ್ಮ ಹಿತ್ತಿಲ ಗೋಡೆಯ ಉದ್ದ ಎಷ್ಟು, ಅಷ್ಟು ಮಾತ್ರ ನಿಮ್ಮ ಪಾಲು, ಅಲ್ಲಿ ಏನಾದರೂ ಬಿದ್ದರೆ ನನಗೆ ಒಂದು ಫೋನ್ ಮಾಡಿ’ ಎಂದೆ. ಹೆಚ್ಚಿನ ಮನೆಗಳಲ್ಲಿ ಕಾಫಿ ಕೊಟ್ಟರು, ಗಲ್ಲಿಗಿಂತ ಮೊದಲು ಬೇರೆ ದೂರುಗಳನ್ನು ಹೇಳಿಕೊಂಡರು. ಆರನೆಯ ಮನೆಯ ದಂಪತಿಗೆ ವಿದ್ಯುತ್ ಬಿಲ್ ಆನ್‌ಲೈನಿನಲ್ಲಿ ಕಟ್ಟಲು ಬರುವುದಿಲ್ಲ, ಅದನ್ನು ಹಿಂದಿನ ಬೀದಿಯ ಆ ಆರು ಹುಡುಗರಲ್ಲಿ ಒಬ್ಬ ಮಾಡಿಕೊಡುತ್ತಿದ್ದಾನೆ. ಹುಡುಗರ ಕಸದ ಬುಟ್ಟಿ ಈಗ ಆರನೆಯ ಮನೆಯ ಗೇಟಿನೊಳಗೆ ಇರುತ್ತದೆ. ಹುಡುಗರ ಹೆಸರುಗಳನ್ನೂ ಕಲಿತೆ. ಒಬ್ಬ ಯಾದಗಿರಿಯವನು, ಗಲ್ಲಿಯ ಗೋಡೆಗೆ ಸುಣ್ಣ ಬಳಿಯಲು ತಾನಾಗಿಯೇ ಮುಂದೆ ಬಂದಿದ್ದಾನೆ.

ಅಭಿಯಂತರರು ಹೇಳಿದ ಪತ್ರಕ್ಕೆ ಹತ್ತೊಂಬತ್ತು ಸಹಿ ಬಿದ್ದವು. ಮುದ್ರೆ ಹಾಕಿಸಿಕೊಂಡು ಬಂದ ಹನ್ನೆರಡನೆಯ ದಿನ ಮೋರಿಯ ಹೂಳು ತೆಗೆದರು, ಆದರೆ ತೆಗೆದ ಹೂಳನ್ನು ಗಲ್ಲಿಯಲ್ಲೇ ಗುಡ್ಡೆ ಹಾಕಿ ಹೋದರು. ಅದು ಒಣಗಿ, ಎರಡನೆಯ ಪತ್ರ ಹೋಗಿ, ಸಾಗಿಸುವಷ್ಟರಲ್ಲಿ ಮತ್ತೆ ಎಂಟು ದಿನ ಹಿಡಿಯಿತು. ಮಳೆನೀರಿನ ಪೈಪು ತಪ್ಪಾಗಿ ಜೋಡಿಸಿದ ಮನೆಗಳು ನಾಲ್ಕು ಸಿಕ್ಕಿದವು, ಎರಡು ಸರಿಯಾದವು. ಒಬ್ಬರು ‘ಬೇಸಿಗೆಯಲ್ಲಿ ನೋಡೋಣ’ ಎಂದಿದ್ದಾರೆ, ಇನ್ನೊಬ್ಬರು ಕೋಪಿಸಿಕೊಂಡರು.

ಹಳೆಯ ದೇವರ ಪಟಗಳಿಗೆ ಮಾತ್ರ ಯಾರ ಬಳಿಯೂ ಉತ್ತರವಿರಲಿಲ್ಲ. ಕೊನೆಗೆ ನಮ್ಮ ತಾಯಿಯವರೇ ನಮ್ಮ ಮುಂಬಾಗಿಲ ಜಗಲಿಯ ಮೇಲೆ ಒಂದು ಹಳೆಯ ಮರದ ಪೆಟ್ಟಿಗೆ ಇಟ್ಟು, ‘ಪಟಗಳನ್ನು ಇಲ್ಲಿ ಇಡಿ’ ಎಂದು ಬರೆಸಿದರು. ಚೌಕಟ್ಟು, ಗಾಜು, ಕಾಗದ ಬೇರೆ ಮಾಡಿ, ಕಾಗದವನ್ನು ನೀರಿನಲ್ಲಿ ನೆನೆಸಿ ಸಂಪಿಗೆ ಮರದ ಬುಡಕ್ಕೆ ಹಾಕುತ್ತಾರೆ. ಗಾಜು ದಿನಪತ್ರಿಕೆಯಲ್ಲಿ ಸುತ್ತಿ ಒಣ ಕಸಕ್ಕೆ ಹೋಗುತ್ತದೆ, ಅದರ ಮೇಲೆ ದೊಡ್ಡದಾಗಿ ‘ಗಾಜು’ ಎಂದು ಬರೆಯುತ್ತಾರೆ. ಇದುವರೆಗೆ ಹದಿನೇಳು ಪಟಗಳು ಬಂದಿವೆ. ಗಲ್ಲಿಯಲ್ಲಿ ಒಂದೂ ಬಿದ್ದಿಲ್ಲ.

ಮುಚ್ಚಿದ ಕಿಂಡಿಗಳನ್ನು ಎಣಿಸಿದೆ. ನಮ್ಮ ಸಾಲಿನಲ್ಲಿ ಒಂಬತ್ತು ಉಳಿದಿವೆ. ಸುಣ್ಣ ಬಳಿಯುವಾಗ ಅವುಗಳನ್ನು ಮರೆಮಾಡದೆ ಹಾಗೆಯೇ ಬಿಡಬೇಕೆಂದು ಯಾದಗಿರಿಯ ಹುಡುಗನಿಗೆ ಹೇಳಿದ್ದೇನೆ, ಏಕೆಂದೂ ಹೇಳಿದ್ದೇನೆ.

ಹನ್ನೊಂದನೆಯ ನಂಬರಿನ ಮನೆಯವರು ಮೂರು ಸಲ ಹೋದರೂ ಬಾಗಿಲು ತೆರೆಯಲಿಲ್ಲ. ಅವರ ಗೋಡೆಯ ಹಿಂದಿನ ಹನ್ನೆರಡು ಅಡಿಯಲ್ಲಿ ಕಸ ಇನ್ನೂ ಇದೆ. ಬುಧವಾರ ಸಂಜೆ ಮತ್ತೆ ಹೋಗುತ್ತೇನೆ.